ಮಳೆ ನಿಂತ ಮೇಲೆ ಬೇಕಾಗುವ ಕೌದಿ

ಎಲ್ಲಾದರೂ ನೆರೆ ಬಂತು, ಗುಡ್ಡ ಕುಸಿಯಿತು ಅಂದ ತಕ್ಷಣ ಬೆಂಗಳೂರಿನಲ್ಲಿ ಮನೆಮನೆಯ ಬೀರು ತೆರೆಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿಗೆ, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಗದಗದ ಕಡೆಗೆ, 2024ರ ಜುಲೈ ಕೊನೆಯಲ್ಲಿ ವಯನಾಡಿಗೆ, ಪ್ರತಿ ಸಲವೂ ನಮ್ಮ ಊರಿಂದ ಲಾರಿಗಟ್ಟಲೆ ಸಾಮಾನು ಹೋಗಿದೆ. ಈ ಊರಿನ ಆ ಗುಣ ನನಗೆ ತುಂಬಾ ಇಷ್ಟ. ನಾನೂ ಕೈಯಲ್ಲಿ ಹೊದಿಕೆ ಹೊಲಿದು ಕಳಿಸುವ ಬಳಗದವಳೇ. ಅದಕ್ಕೇ ಒಂದು ಮಾತು ಹೇಳಬೇಕು ಅನ್ನಿಸಿದೆ. ನಾವು ಹೊಲಿದ ಕೌದಿ ಮೊದಲ ವಾರದ ಲಾರಿಯಲ್ಲಿ ಹೋಗುವುದು ಬೇಡ.

ಕಾರಣ ತುಂಬಾ ಸರಳ. ಕೌದಿ ಅಂದ್ರೆ ಹತ್ತಿ ಬಟ್ಟೆ, ಅದೂ ನಾಲ್ಕೈದು ಪದರ. ಒಮ್ಮೆ ನೆನೆದರೆ ಸುಲಭಕ್ಕೆ ಒಣಗುವುದಿಲ್ಲ. ಮಡಿಕೇರಿಯ ಆಗಸ್ಟ್‌ನಲ್ಲಿ ಬಿಸಿಲು ಎಲ್ಲಿ? ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ನೂರಾರು ಜನ ಮಲಗಿರುವಾಗ ಹಗ್ಗ ಕಟ್ಟಿ ಒಣಹಾಕಲು ಜಾಗ ಎಲ್ಲಿ? ಒದ್ದೆ ಕೌದಿ ವಾಸನೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಹೊದ್ದವರಿಗೆ ಇನ್ನೂ ಚಳಿ.

ಆ ಹೊತ್ತಿಗೆ ಬೇಕಾಗಿರುವುದು ಹಗುರವಾದ, ಬೇಗ ಒಣಗುವ ಅಂಗಡಿ ಬ್ಲಾಂಕೆಟ್. ಇಲ್ಲವೇ ಕುರಿ ಉಣ್ಣೆಯ ಕಂಬಳಿ. ಉಣ್ಣೆ ಸ್ವಲ್ಪ ನೆನೆದರೂ ಮೈ ಬೆಚ್ಚಗಿಡುತ್ತದೆ. ಕುರಿ ಕಾಯುವವರು, ಮಲೆನಾಡಿನಲ್ಲಿ ಗದ್ದೆ ಕೆಲಸಕ್ಕೆ ಇಳಿಯುವವರು ಸುಮ್ನೆ ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿರಲಿಲ್ಲ. ದುಡ್ಡು ಸೇರಿಸಿದವರು ಚಳ್ಳಕೆರೆ ಕಡೆಯ ಕಂಬಳಿಯನ್ನು ನೇಕಾರರಿಂದಲೇ ಕೊಂಡು ಕಳಿಸಬಹುದು. ಮೈಗೆ ಚುಚ್ಚುತ್ತದೆ, ಎಳೆ ಮಕ್ಕಳಿಗೆ ಆಗುವುದಿಲ್ಲ. ದೊಡ್ಡವರ ರಾತ್ರಿಯಂತೂ ಕಳೆಯುತ್ತದೆ.

ಹಾಗಾದರೆ ಕೌದಿ ಯಾವಾಗ? ಟಿವಿಯವರು ಹೋದ ಮೇಲೆ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡ ಅನೇಕರಿಗೆ ಜಂಬೂರು, ಮದೆನಾಡಿನಲ್ಲಿ ಹೊಸ ಮನೆ ಸಿಕ್ಕಿದ್ದು 2020ರ ಜೂನ್‌ನಲ್ಲಿ. ಲೆಕ್ಕ ಹಾಕಿ, ನಡುವೆ ಎರಡು ಚಳಿಗಾಲ. ಬಾಡಿಗೆ ಮನೆಯಲ್ಲೋ ನೆಂಟರ ಮನೆಯಲ್ಲೋ ಕಳೆದ ಚಳಿಗಾಲ. ಡಿಸೆಂಬರ್‌ನಲ್ಲಿ ಅಲ್ಲಿನ ಚಳಿ ಹೇಗಿರುತ್ತದೆ ಅಂತ ಹೋಗಿ ಬಂದವರಿಗೆ ಗೊತ್ತು. ಆಗ ಬಿಸಿಲು ಇರುತ್ತದೆ, ಕೌದಿ ಒಗೆದು ಒಣಗಿಸಬಹುದು. ಅದನ್ನೇ ಹಾಸಬಹುದು, ಹೊದೆಯಬಹುದು, ಮಡಿಸಿ ಮಗುವನ್ನು ಮಲಗಿಸಬಹುದು. ಆದರೆ ಆ ಹೊತ್ತಿಗೆ ಕೊಡುವವರೇ ಇರುವುದಿಲ್ಲ. ಆ ಜಾಗ ನಮ್ಮದು. ನಿಧಾನವಾಗಿ ಹೊಲಿಯುವವರಿಗೆ ನಾಲ್ಕು ತಿಂಗಳ ಸಮಯವೂ ಸಿಗುತ್ತದೆ, ಅಲ್ವಾ?

"ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದಕ್ಕೆ ಇಷ್ಟು ಕಷ್ಟ ಯಾಕೆ, ದುಡ್ಡೇ ಕೊಡಬಹುದಲ್ಲ" ಅಂತ ಕೇಳುವವರಿದ್ದಾರೆ. ಮೊದಲ ವಾರದ ಮಟ್ಟಿಗೆ ಅವರ ಮಾತು ಸರಿ. ಆದರೆ ಒಳ್ಳೆಯ ಕೌದಿ ಎಷ್ಟೋ ವರ್ಷ ಬಾಳುತ್ತದೆ. ಹರಿದರೆ ಮೇಲೊಂದು ತುಂಡು ಇಟ್ಟು ಹೊಲಿದರಾಯಿತು.

ಒಳ್ಳೆಯ ಕೌದಿ ಅಂದೆ. ಅಲ್ಲೇ ಇರುವುದು ಕೆಲಸ. ನಮಗೆ ಕಲಿಸಿದವರು ಬನಶಂಕರಿಯ ನಮ್ಮ ಪಕ್ಕದ ಬೀದಿಯಲ್ಲಿರುವ, ಬಾದಾಮಿ ಕಡೆಯ ಒಬ್ಬ ಅಕ್ಕ. ಯಾರೋ ಹೊಲಿಗೆ ದೂರ ದೂರ ಹಾಕಿದ್ದನ್ನು ನೋಡಿ, "ಯವ್ವಾ, ಹಿಂಗ್ ಹಾಕಿದ್ರ ಎರಡ ಸಲ ಒಗಿಯೂದ್ರಾಗ ಕಿತ್ತ ಬರತೈತಿ. ನಿನ್ನ ಮಗಳಿಗಾದ್ರ ಹಿಂಗ ಹೊಲಿದು ಕೊಡ್ತಿದ್ದೇನು?" ಅಂದರು. ಅವತ್ತಿನಿಂದ ನಮ್ಮ ಬಳಗದಲ್ಲಿ ಬೇರೆ ನಿಯಮ ಬೇಕಾಗಿಲ್ಲ.

ಅಳತೆ ಹೇಳುತ್ತೇನೆ. ಶಿಬಿರಗಳಿಗೆ ಕೊಡುವ ಸಾಮಾನ್ಯ ಬ್ಲಾಂಕೆಟ್ ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ ಇರುತ್ತದೆ. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಒಂದು ಸೀರೆ ಕತ್ತರಿಸಿ ಜೋಡಿಸಿದರೆ ಹೆಚ್ಚುಕಮ್ಮಿ ಎರಡು ಪದರ ಬರುತ್ತದೆ. ನಾಲ್ಕು ಪದರಕ್ಕೆ ಎರಡು ಸೀರೆ, ಇನ್ನೂ ದಪ್ಪ ಬೇಕಾದರೆ ಮೂರು. ಹಳೆಯ ಹತ್ತಿ ಸೀರೆ, ಪಂಚೆ ಒಳಗೆ. ಗಟ್ಟಿ ಇರುವುದು ಮೇಲೆ. ದಪ್ಪ ನೂಲಿನ ದಾರ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ಸಿಗುತ್ತದೆ. ಸಾಲು ಹೊಲಿಗೆ ಒತ್ತೊತ್ತಾಗಿ ಬರಬೇಕು, ಇಲ್ಲದಿದ್ದರೆ ಒಳಗಿನ ಬಟ್ಟೆ ಜಾರಿ ಒಂದು ಕಡೆ ಮುದ್ದೆಯಾಗುತ್ತದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ನಮಗೆ ಅಷ್ಟು ಚೆಂದ ಇನ್ನೂ ಬಂದಿಲ್ಲ.

ಕ್ರೋಶಾ ಹಾಕುವ ಗೆಳತಿಯರಿಗೂ ಒಂದು ಮಾತು. ಅಕ್ರಿಲಿಕ್ ಉಲ್ಲನ್ ಬೇಗ ಒಣಗುತ್ತದೆ, ನಿಜ. ಆದರೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೌದೆ ಒಲೆ ಪಕ್ಕದಲ್ಲೇ ಮಲಗುವ ಶೆಡ್‌ಗಳಿಗೆ ಅದನ್ನು ಕಳಿಸಬೇಡಿ. ಜಾಲರಿ ಹಾಗೆ ತೂತು ಬಿಡುವ ವಿನ್ಯಾಸವೂ ಬೇಡ, ಗಾಳಿ ನುಗ್ಗುತ್ತದೆ, ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ.

ಬಟ್ಟೆ ಕೊಡುವವರ ಬಗ್ಗೆ ಹೇಳದೆ ಇರಲಾರೆ. ಎಣ್ಣೆ ಕಲೆ, ಬೆವರು ವಾಸನೆ, ಪಿಸಿದು ಹೋದ ಪಾಲಿಯೆಸ್ಟರ್, "ಕೌದಿಗೆ ತಾನೇ" ಅಂತ ಎಲ್ಲವನ್ನೂ ಚೀಲಕ್ಕೆ ತುರುಕಿ ಕೊಡುತ್ತಾರೆ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಯಲ್ಲಿ ದಾನದ ಹಳೆ ಬಟ್ಟೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು. ಗೂಂಜ್ ಸಂಸ್ಥೆಯವರು ಅದನ್ನು ವಿಂಗಡಿಸಿ ಉಪಯೋಗಕ್ಕೆ ತರಬೇಕಾಯಿತು. ಮನೆ ಕಳೆದುಕೊಂಡವರ ಮುಂದೆ ನಮ್ಮ ಕಸ ಸುರಿಯುವುದನ್ನು ನೆನೆದರೆ ಸಂಕಟವಾಗುತ್ತದೆ. ಅವರು ಹೊಳೆ ಏರುವ ಹಿಂದಿನ ದಿನದವರೆಗೂ ನಮ್ಮ ಹಾಗೆಯೇ ಸಂಸಾರ ಮಾಡಿಕೊಂಡಿದ್ದವರು.

ನರಗುಂದ ತಾಲ್ಲೂಕಿನ ಕೊಣ್ಣೂರನ್ನೇ ನೋಡಿ. 2009ರಲ್ಲೂ 2019ರಲ್ಲೂ ಮಲಪ್ರಭೆ ನುಗ್ಗಿದ ಊರು. ಆ ಕಡೆ ಕೌದಿ ಇಲ್ಲದ ಮನೆ ಕಡಿಮೆ. ಕೆಸರು ಕುಡಿದ ಕೌದಿಯನ್ನು ಇಬ್ಬರು ಸೇರಿದರೂ ಎತ್ತುವುದು ಕಷ್ಟ, ಒಗೆದರೂ ಮೊದಲಿನ ಬಣ್ಣ ಬರುವುದಿಲ್ಲ, ಬಿಸಾಡಲೇಬೇಕು. ಅಜ್ಜಿಯ ಸೀರೆಯೂ ಅದರ ಜೊತೆ ಹೋಗುತ್ತದೆ. ಅಂಥ ಊರಿನ ಹೆಂಗಸರಿಗೆ ಕೌದಿ ಹೊಲಿಯಲು ನಾವು ಕಲಿಸಬೇಕಾ? ಹೊಲ ಕೆಸರಾಗಿ ಕೂಲಿ ಇಲ್ಲದ ತಿಂಗಳುಗಳಲ್ಲಿ ಅವರಿಗೇ ಒಳ್ಳೆ ಬಟ್ಟೆ, ದಾರ, ಸೂಜಿ ಕೊಟ್ಟು, ಹೊಲಿದಿದ್ದಕ್ಕೆ ಸರಿಯಾದ ಕೂಲಿ ಕೊಡಬೇಕು. ಒಂದು ಕೌದಿ ಅವರ ಮನೆಗೆ, ಇನ್ನೊಂದು ಪಕ್ಕದ ಊರಿಗೆ. ನಮ್ಮ ಬಳಗದ ದುಡ್ಡಿನಲ್ಲಿ ಅರ್ಧ ಇದಕ್ಕೇ ಹೋಗಬೇಕು ಅಂತ ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೇನೆ. ಎಲ್ಲರೂ ಒಪ್ಪಿಲ್ಲ. "ಕೈಯಾರೆ ಹೊಲಿದು ಕೊಡುವ ಖುಷಿಯೇ ಬೇರೆ" ಅನ್ನುತ್ತಾರೆ. ಆ ಖುಷಿ ನನಗೂ ಗೊತ್ತು. ಆದರೆ ಅವರ ಕೈಗೆ ಕೂಲಿ ಬರುವುದು ನನಗೆ ಅದಕ್ಕಿಂತ ಜಾಸ್ತಿ ಮುಖ್ಯ.

ಬನಶಂಕರಿ, ಜಯನಗರ ಸುತ್ತಮುತ್ತ ಇರುವವರು ಹತ್ತಿ ಸೀರೆ, ಪಂಚೆ ಇದ್ದರೆ ಒಗೆದು, ಬಿಸಿಲಿನಲ್ಲಿ ಒಣಗಿಸಿ ತೆಗೆದಿಡಿ. ಫಾಲ್ ಬಿಚ್ಚಿ ಕೊಟ್ಟರೆ ನಮಗೆ ಅರ್ಧ ಕೆಲಸ ಉಳಿಯುತ್ತದೆ. ಕಾಮೆಂಟ್ ಹಾಕಿ, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.