ಸೊಪ್ಪು-ತರಕಾರಿ ತೊಳೆಯಲು ಮನೆಗೊಂದು ಓಝೋನ್ ಯಂತ್ರ ಬೇಕಾ?

ಪರ: ಬರೀ ನಲ್ಲಿ ನೀರು ಸಾಲದು

ಬದನೆಕಾಯಿ ಬೆಳೆಯುವವರನ್ನು ಕೇಳಿ ನೋಡಿ. ಕಾಯಿಕೊರಕ ಬಿತ್ತೆಂದರೆ ಔಷಧಿ ಹೊಡೆಯದೆ ವಿಧಿಯಿಲ್ಲ. ಡಬ್ಬಿಯ ಮೇಲೆ ‘ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬೇಡಿ’ ಎಂದು ಬರೆದಿರುತ್ತದೆ, ನಿಜ. ಆದರೆ ಬಲಿತ ಕಾಯಿ ಕಾಯುವುದಿಲ್ಲ, ಮಾರ್ಕೆಟ್ಟಿನ ರೇಟೂ ಕಾಯುವುದಿಲ್ಲ. ರೈತರನ್ನು ಬೈದು ಏನೂ ಆಗಬೇಕಿಲ್ಲ. ಸಾವಯವ ಅಂಗಡಿಯ ಬೆಲೆ ಎಲ್ಲರಿಗೂ ಎಟುಕುವುದೂ ಇಲ್ಲ. ಕೊನೆಗೆ ನಮ್ಮ ಕೈಲಿ ಉಳಿಯುವುದು ತೊಳೆಯುವ ಕೆಲಸ ಒಂದೇ.

ಸುಮ್ನೆ ನೀರಲ್ಲಿ ಜಾಲಿಸಿದರೆ ಮಣ್ಣು ಹೋಗುತ್ತದೆ. ಸೈಪರ್‌ಮೆಥ್ರಿನ್‌ನಂಥ ಔಷಧಿ ಮಾತ್ರ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಎಲೆಯ ಮೇಣಕ್ಕೆ ಅಂಟಿಕೊಂಡು ಕೂರುತ್ತದೆ. ಯಂತ್ರ ನೀರಿಗೆ ಹಾಯಿಸುವ ಓಝೋನ್ ಬೇರೆ ದಾರಿ ಹಿಡಿಯುತ್ತದೆ. ಆಮ್ಲಜನಕದ ಮೂರು ಪರಮಾಣು ಸೇರಿ ಆದ ಅನಿಲ ಅದು. ಮೂರೂ ಒಟ್ಟಿಗೆ ಜಾಸ್ತಿ ಹೊತ್ತು ಇರುವುದಿಲ್ಲ. ಸಿಕ್ಕಿದ್ದರ ಮೇಲೆ ಬಿದ್ದು ಔಷಧಿಯ ಅಣುವನ್ನೇ ಒಡೆಯುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ಯಾರಾಥಿಯಾನ್, ಡಯಾಜಿನಾನ್, ಸೈಪರ್‌ಮೆಥ್ರಿನ್ ಸೇರಿ ನಾಲ್ಕು ಕೀಟನಾಶಕ ಬೆರೆತ ನೀರಿಗೆ ಓಝೋನ್ ಹಾಯಿಸಿದರು. ಲೀಟರಿಗೆ ಬರೀ 1.4 ಮಿಲಿಗ್ರಾಂ ಓಝೋನ್ ಅರ್ಧ ಗಂಟೆಯಲ್ಲಿ ಶೇ 60ರಿಂದ 99ರಷ್ಟನ್ನು ಒಡೆದುಹಾಕಿತು. ಬಹುಪಾಲು ಕೆಲಸ ಮೊದಲ 5 ನಿಮಿಷದಲ್ಲೇ ಮುಗಿದಿತ್ತು.

ಆಮೇಲೆ ಓಝೋನ್ ತಾನೂ ಮಾಮೂಲಿ ಆಮ್ಲಜನಕವಾಗಿ ಹೋಗುತ್ತದೆ. ಕ್ಲೋರಿನ್ ವಾಸನೆ ಇಲ್ಲ, ಸೋಪಿನ ಜಿಡ್ಡೂ ಇಲ್ಲ. ಇದೇನು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಫ್ರಾನ್ಸಿನ ನೀಸ್ ನಗರ 1906ರಲ್ಲೇ ಕುಡಿಯುವ ನೀರಿಗೆ ಓಝೋನ್ ಹಾಯಿಸಿತ್ತು. ಆಹಾರದ ಮೇಲಿನ ರೋಗಾಣು ಕೊಲ್ಲಲು ಇದನ್ನು ಬಳಸಬಹುದೆಂದು ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಒಪ್ಪಿತು. ಕೋಸಂಬರಿಗೆ ಸೌತೆಕಾಯಿ, ಕ್ಯಾರೆಟ್ಟು, ಕೊತ್ತಂಬರಿ ಎಲ್ಲ ಹಸಿಯಾಗೇ ಹಾಕ್ತೀವಿ, ಅಲ್ವಾ? ಅಲ್ಲಿ ಕುದಿಸುವ ಮಾತೇ ಇಲ್ಲ. ಔಷಧಿ ಎಷ್ಟಾದರೂ ಹೋಗಲಿ, ರೋಗಾಣು ಸತ್ತದ್ದಂತೂ ಲಾಭ.

ವಿರೋಧ: ನೊರೆ ತೋರಿಸಿ ಮಾರಬೇಡಿ

ಅಪಾರ್ಟ್‌ಮೆಂಟಿಗೆ ಬಂದು ಈ ಯಂತ್ರ ಮಾರುವ ರೀತಿ ನೋಡಿದ್ದೀರಾ? ಟಬ್ಬಿನಲ್ಲಿ ದ್ರಾಕ್ಷಿ ಹಾಕಿ, ಸಣ್ಣ ಪೈಪಿನ ತುದಿಯ ಬಿಳಿ ಕಲ್ಲನ್ನು ನೀರಿಗೆ ಬಿಡುತ್ತಾರೆ. ಗುಳುಗುಳು ಗುಳ್ಳೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಕಂದು ನೊರೆ. “ನೋಡಿ ಮೇಡಂ, ಇಷ್ಟೂ ವಿಷ!”

ಅಲ್ಲ. ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ನಮ್ಮ ದೇಶದಲ್ಲಿ ಇರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅದರ ನೂರು ಪಟ್ಟು ಇದ್ದರೂ ಒಂದು ಕಿಲೋ ಹಣ್ಣಿನಲ್ಲಿ 1 ಮಿಲಿಗ್ರಾಂ ಆಯಿತು. ಒಂದು ಚಿಟಿಕೆ ಉಪ್ಪು ಅದಕ್ಕಿಂತ ಎಷ್ಟೋ ಜಾಸ್ತಿ ತೂಗುತ್ತದೆ. ಅಷ್ಟರಲ್ಲಿ ಟಬ್ಬು ತುಂಬ ನೊರೆ ಏಳುತ್ತಾ? ಕಾಣುವುದು ಧೂಳು, ಮಣ್ಣು, ಒಡೆದ ಹಣ್ಣಿನ ರಸ.

ಮೇಲೆ ಹೇಳಿದ ಶೇ 99ರ ಲೆಕ್ಕವನ್ನೂ ಸರಿಯಾಗಿ ಓದಬೇಕು. ಅಲ್ಲಿ ಔಷಧಿ ಬೆರೆತಿದ್ದು ನೀರಿನಲ್ಲಿ. ಎಲೆಯ ಸಂದಿಯಲ್ಲಿ, ಹೂಕೋಸಿನ ಒಳಗೆ ಕೂತದ್ದು ಬೇರೆಯೇ ಕಥೆ. ಇಮಿಡಾಕ್ಲೋಪ್ರಿಡ್, ಅಸಿಫೇಟ್ ಥರದ ಕೀಟನಾಶಕಗಳಂತೂ ಗಿಡದ ರಸದಲ್ಲೇ ಓಡಾಡುತ್ತವೆ. 2010ರಲ್ಲಿ ಯುರೋಪ್ ನಮ್ಮ ದ್ರಾಕ್ಷಿಯನ್ನು ವಾಪಸ್ ಕಳಿಸಿದ್ದು ಕ್ಲೋರ್‌ಮೆಕ್ವಾಟ್ ಸಿಕ್ಕಿತೆಂದು. ಬಳ್ಳಿಯ ಬೆಳವಣಿಗೆ ಹಿಡಿದಿಡಲು ಕೊಡುವ ರಾಸಾಯನಿಕ ಅದು. ಬಳ್ಳಿಯೊಳಗಿಂದ ಬಂದದ್ದನ್ನು ಹೊರಗಿನಿಂದ ತೊಳೆಯುವುದು ಹೇಗೆ?

ನನಗೆ ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಓಝೋನ್ ಅಣುವನ್ನು ಒಡೆಯುತ್ತದೆ, ಸರಿ. ಅರ್ಧ ಒಡೆದರೆ? ಪ್ಯಾರಾಥಿಯಾನ್, ಕ್ಲೋರ್‌ಪೈರಿಫಾಸ್‌ನಂಥ ಔಷಧಿಗಳಲ್ಲಿ ರಂಜಕಕ್ಕೆ ಗಂಧಕ ಅಂಟಿಕೊಂಡಿರುತ್ತದೆ. ಓಝೋನ್ ಆ ಗಂಧಕ ತೆಗೆದು ಆಮ್ಲಜನಕ ಕೂರಿಸುತ್ತದೆ. ಆಗ ಪ್ಯಾರಾಥಿಯಾನ್ ಪ್ಯಾರಾಕ್ಸಾನ್ ಆಗುತ್ತದೆ. ನರಗಳ ಮೇಲೆ ನೇರವಾಗಿ ಏಟು ಹಾಕುವುದು ಇದೇ. ಮೂಲ ಔಷಧಿಗಿಂತ ಜಾಸ್ತಿ ವಿಷ. ಓಝೋನ್ ಸಾಕಷ್ಟಿದ್ದು ಸಮಯವೂ ಸಿಕ್ಕರೆ ಅದೂ ಒಡೆಯುತ್ತದೆ. ಆದರೆ ಮನೆಯ ಟಬ್ಬಿನಲ್ಲಿ ಎಷ್ಟು ಓಝೋನ್ ಕರಗಿತು ಎಂದು ಅಳೆಯುವವರು ಯಾರು? ನೀರು ಬೆಚ್ಚಗಿದ್ದಷ್ಟೂ ಅದು ಕರಗುವುದು ಕಮ್ಮಿ.

ಕರಗದೆ ಉಳಿದದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ. ಮೂಗಿಗೆ ಹೊಡೆಯುವ ಘಾಟು ‘ತಾಜಾತನ’ ಅಲ್ಲ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಇರುವ ಮಿತಿ 8 ಗಂಟೆಗೆ ಸರಾಸರಿ 0.1 ಪಿಪಿಎಂ, ಅಂದರೆ ಗಾಳಿಯ ಒಂದು ಕೋಟಿ ಪಾಲಿನಲ್ಲಿ ಓಝೋನ್ ಒಂದು ಪಾಲು. ಆಸ್ತಮಾ ಇದ್ದವರಿಗೆ ಅಷ್ಟೂ ಬೇಡ.

ಹಾಗಾದರೆ ಏನು ಮಾಡೋದು? 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಅಡುಗೆ ಸೋಡಾ ಪರೀಕ್ಷಿಸಿದರು. ಲೀಟರ್ ನೀರಿಗೆ 10 ಗ್ರಾಂ ಹಾಕಿ 12ರಿಂದ 15 ನಿಮಿಷ ಬಿಟ್ಟಾಗ ಮೇಲ್ಮೈಯಲ್ಲಿದ್ದ ಎರಡು ಔಷಧಿಗಳು ಹೋದವು. 80 ಮೈಕ್ರೋಮೀಟರ್ (0.08 ಮಿಲಿಮೀಟರ್) ವರೆಗೂ ಒಳಗಿಳಿದಿದ್ದು ಅದಕ್ಕೂ ಬಗ್ಗಲಿಲ್ಲ. ಅದಕ್ಕೆ ಸಿಪ್ಪೆಯೇ ಸುಲಿಯಬೇಕು. ಸಾವಿರಾರು ರೂಪಾಯಿಯ ಯಂತ್ರಕ್ಕೂ ಇದೇ ಗಡಿ.

ಓಝೋನ್ ಬೇಡವೇ ಬೇಡ ಅನ್ನುತ್ತಿಲ್ಲ. ಮುಚ್ಚಿದ ಟ್ಯಾಂಕು, ಅಳೆಯುವ ಮೀಟರು, ಸ್ಯಾಂಪಲ್ ನೋಡುವ ಲ್ಯಾಬ್ ಇರುವ, ಹಣ್ಣು-ತರಕಾರಿ ತೊಳೆದು ಪ್ಯಾಕ್ ಮಾಡುವ ಪ್ಯಾಕ್‌ಹೌಸ್‌ನಲ್ಲಿ ಇರಲಿ. ಮನೆ ಬಾಗಿಲಿಗೆ ತರುವವರನ್ನು ನೊರೆ ತೋರಿಸಲು ಬಿಡಬೇಡಿ. ಒಂದೇ ಬುಟ್ಟಿಯ ಬದನೆಕಾಯಿಯಲ್ಲಿ ಅರ್ಧ ನಲ್ಲಿ ನೀರಲ್ಲಿ, ಅರ್ಧ ನಿಮ್ಮ ಯಂತ್ರದಲ್ಲಿ ತೊಳೆದು ಪರೀಕ್ಷೆ ಮಾಡಿಸಿದ ಲ್ಯಾಬ್ ರಿಪೋರ್ಟ್ ಇದೆಯಾ, ಅದರಲ್ಲಿ ಪ್ಯಾರಾಕ್ಸಾನ್ ಥರದವನ್ನೂ ಹುಡುಕಿದ್ದಾರಾ ಅಂತ ಕೇಳಿ.