ಎರಡು ಮಳೆಗಾಲ ಮಂಡಿಗೆ ತಿಕ್ಕಿದ ಎಣ್ಣೆ

ಎರಡು ಮಳೆಗಾಲ ನಾನು ನನ್ನ ಬಲಮಂಡಿಗೆ ಎಣ್ಣೆ ತಿಕ್ಕಿದ್ದೇನೆ. ಸೋಮವಾರಪೇಟೆ ಕಡೆಯ ನಮ್ಮ ತೋಟ ಕಡಿದಾದ ಇಳಿಜಾರಿನಲ್ಲಿದೆ. ಇಂಥ ಕಡೆ ಮಂಡಿ ನೋಯುತ್ತದೆ ಎಂದರೆ ಯಾರೂ ಕಾರಣ ಕೇಳುವುದಿಲ್ಲ, ಎಲ್ಲರೂ ಕಾರಣ ಹೇಳುತ್ತಾರೆ. ಹತ್ತಿ ಇಳಿದು ಸವೆದಿದೆ, ಮಳೆಯ ಶೀತ ಹಿಡಿದಿದೆ, ಮೂಟೆ ಎತ್ತಿದ್ದೀರಿ ಎಂಬ ಈ ಮೂರರಲ್ಲಿ ಒಂದು ಸಾಕು, ಮುಂದೆ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಮಂಡಿಯ ಎಕ್ಸ್‌ರೇ ತೆಗೆಸಿದಾಗ ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಮಾತ್ರೆ ಕೊಟ್ಟರು, ಪಟ್ಟಿ ಕಟ್ಟಿಕೊಳ್ಳಲು ಹೇಳಿದರು, ನಾನೂ ಕಟ್ಟಿಕೊಂಡೆ.

ಆದರೆ ಅದೇ ಕಾಲದಲ್ಲಿ ನನಗೆ ಗಮ್‌ಬೂಟು ಹಾಕಿಕೊಳ್ಳುವುದು ಕಷ್ಟವಾಗುತ್ತಾ ಬಂದಿತ್ತು. ಬಲಗಾಲನ್ನು ಮಡಚಿ ಪಾದವನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಆಗದೆ, ಜಿಗಣೆಯ ಕಾಲದಲ್ಲಿ ದಿನವೂ ಹೆಂಡತಿಯ ಕೈಯಲ್ಲಿ ಬೂಟು ಹಾಕಿಸಿಕೊಳ್ಳುತ್ತಿದ್ದೆ. ಇದನ್ನು ಯಾವ ವೈದ್ಯರಿಗೂ ಹೇಳಲಿಲ್ಲ. ಸ್ವಲ್ಪ ಸಂಕೋಚ, ಮತ್ತು ಮಂಡಿನೋವಿಗೂ ಬೂಟಿಗೂ ಏನು ಸಂಬಂಧ ಎಂಬ ಜಾಣತನ.

ಕೊನೆಗೆ ಮೈಸೂರಿನಲ್ಲಿ ಕಂಡ ಹಿರಿಯ ಮೂಳೆ ವೈದ್ಯರೊಬ್ಬರು ಮಂಡಿಯನ್ನು ಒತ್ತಿಯೂ ನೋಡಲಿಲ್ಲ. ಅಂಗಾತ ಮಲಗಿಸಿ, ಕಾಲು ಮಡಚಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ನಾನು ಕೂಗಿಕೊಂಡೆ. “ಎಲ್ಲಿ ನೋವಾಯಿತು?” ಎಂದರು. “ಮಂಡಿಯಲ್ಲೇ ಡಾಕ್ಟ್ರೇ” ಎಂದೆ. “ನಾನು ತಿರುಗಿಸಿದ್ದು ಮಂಡಿಯನ್ನಲ್ಲ, ನಿಮ್ಮ ತೊಡೆಮೂಳೆಯನ್ನು” ಎಂದರು. ತೊಡೆಮೂಳೆಯ ಗುಂಡುತಲೆ ಸೊಂಟದ ಬಟ್ಟಲಿನಲ್ಲಿ ಕೂರುವ ಕೀಲು ಸವೆದಿದೆ ಎಂಬುದು ಮುಂದಿನ ಎಕ್ಸ್‌ರೇಯಲ್ಲಿ ನನಗೇ ಕಾಣುವಷ್ಟು ಸ್ಪಷ್ಟವಾಗಿತ್ತು. ಆ ಕೀಲಿಗೆ ಕವಲು ಕೊಡುವ ನರಗಳೇ ಮಂಡಿಗೂ ಕವಲು ಕೊಡುವುದರಿಂದ ಮೇಲಿನ ಕಾಯಿಲೆ ಕೆಳಗೆ ನೋಯುತ್ತದೆಯಂತೆ. ಮಂಡಿನೋವೆಂದು ಕುಂಟುವ ಮಕ್ಕಳಲ್ಲಿಯೂ ವೈದ್ಯರು ಸೊಂಟದ ಕೀಲನ್ನು ತಪ್ಪದೆ ಪರೀಕ್ಷಿಸಬೇಕಾಗಿರುವುದು ಇದೇ ಕಾರಣಕ್ಕೆ.

ಆಮೇಲೆ ಈ ವಿಷಯವನ್ನು ಓದುತ್ತಾ ಹೋದಂತೆ ನನಗೆ ನಮ್ಮ ತೋಟದ ತೋಡು ನೆನಪಾಯಿತು. ಎರಡು ಬರೆಗಳ, ಅಂದರೆ ಕಡಿದಾದ ಗುಡ್ಡದ ಬದಿಗಳ, ನೀರು ಒಂದೇ ತೋಡಿಗೆ ಸೇರುತ್ತದೆ. ಕೆಳಗೆ ಗದ್ದೆಯಲ್ಲಿ ನಿಂತವನಿಗೆ ಕೆಂಪು ನೀರು ಕಂಡರೆ, ಪ್ರತಿವರ್ಷ ಜರಿಯುವ ಬರೆಯೇ ಈ ಸಲವೂ ಜರಿದಿದೆ ಎಂದುಕೊಳ್ಳುತ್ತಾನೆ. ಎಂದೂ ಜರಿಯದ ಇನ್ನೊಂದು ಬರೆಯ ಕಡೆಗೆ ಅವನ ಯೋಚನೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ನಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಹೃದಯದಿಂದ ಬರುವ ನೋವಿನ ನರಗಳೂ ಎದೆಯ ಮತ್ತು ತೋಳಿನ ಒಳಬದಿಯ ಚರ್ಮದ ನರಗಳೂ ಬೆನ್ನುಹುರಿಯ ಒಂದೇ ಮಟ್ಟದಲ್ಲಿ ಬಂದು ಸೇರುತ್ತವೆ. ಜೀವಮಾನವಿಡೀ ಚರ್ಮದಿಂದಲೇ ಸುದ್ದಿ ಕೇಳಿ ಅಭ್ಯಾಸವಾದ ಮಿದುಳು, ಅಪರೂಪಕ್ಕೆ ಹೃದಯ ಕೂಗಿದರೂ ತೋಳೇ ಕೂಗಿತೆಂದು ತಿಳಿಯುತ್ತದೆ. ಒಳಗಿನ ಯಾವ ಅಂಗದ ನೋವು ಮೈಮೇಲಿನ ಯಾವ ಭಾಗದಲ್ಲಿ ಕಾಣುತ್ತದೆ ಎಂಬುದನ್ನು ಹೆನ್ರಿ ಹೆಡ್ ಎಂಬ ಇಂಗ್ಲಿಷ್ ವೈದ್ಯರು 1893ರಲ್ಲಿಯೇ ನಕ್ಷೆಯಂತೆ ಗುರುತಿಸಿದ್ದರು. ಪಿತ್ತಕೋಶದ ಕಲ್ಲು ಬಲ ಹೆಗಲೆಲುಬಿನ ಬಳಿ ನೋಯಿಸುವುದು, ಮೂತ್ರನಾಳದಲ್ಲಿ ಸಿಕ್ಕಿದ ಕಲ್ಲು ತೊಡೆಸಂದಿಗೆ ಇಳಿಯುವುದು, ಅಪೆಂಡಿಕ್ಸ್ ಉರಿಯೂತ ಮೊದಲು ಹೊಕ್ಕುಳ ಸುತ್ತ ಶುರುವಾಗುವುದು ಎಲ್ಲವೂ ಇದೇ ಬಗೆಯವು.

ನಮ್ಮ ಪಕ್ಕದ ತೋಟದ ಹಿರಿಯರಿಗೆ ಗದ್ದೆಯಿಂದ ಮನೆಗೆ ಹತ್ತುವಾಗಲೆಲ್ಲ ಕೆಳದವಡೆ ನೋಯುತ್ತಿತ್ತು, ನಿಂತರೆ ಹೋಗುತ್ತಿತ್ತು. ಹಲ್ಲು ಕೀಳಿಸಿಕೊಂಡರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಮೂರು ವಾರದ ನಂತರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆಯೇ ದವಡೆ ಸುಮ್ಮನಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಅವರೇ ಈಗ ನಗುತ್ತಾರೆ. ಆದರೆ ಹತ್ತುವಾಗ ಬಂದು ನಿಂತಾಗ ಹೋಗುವ ಹಲ್ಲುನೋವು ಎಲ್ಲಾದರೂ ಉಂಟೇ ಎಂದು ನಾವು ಯಾರೂ ಕೇಳಲಿಲ್ಲವಲ್ಲ ಎಂಬುದು ನನ್ನನ್ನು ಕೊರೆಯುತ್ತದೆ. ನೋವು ಎಲ್ಲಿದೆ ಎಂದು ಕೇಳುವುದರಲ್ಲೇ ನಮ್ಮ ವಿಚಾರಣೆ ಮುಗಿಯುತ್ತದೆ. ಯಾವಾಗ ಬರುತ್ತದೆ, ಏನು ಮಾಡಿದರೆ ಏಳುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬ ಪ್ರಶ್ನೆಗಳು ವೈದ್ಯರ ಮುಂದೆ ಕೂತಾಗಲೂ ನಮ್ಮ ಬಾಯಿಂದ ಬರುವುದಿಲ್ಲ. ಮೂಲ ಒಂದು ಕಡೆ, ನೋವು ಇನ್ನೊಂದು ಕಡೆ ಎಂಬ ಕಾಯಿಲೆಗಳಲ್ಲಿ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ಒಂದನ್ನು ಮಾತ್ರ ಎಲ್ಲರೂ ಬಲ್ಲರು, ನರ ಹಿಡಿದಿದೆ ಎನ್ನುತ್ತಾರೆ.

ಹೀಗೆಂದು ಪ್ರತಿ ತೋಳುನೋವಿಗೂ ಹೃದಯವನ್ನು ದೂರಬೇಕಾಗಿಲ್ಲ. ಮೂಟೆ ಹೊರುವವರ ಹೆಗಲುನೋವು ಬಹುತೇಕ ಹೆಗಲಿನದೇ. ನನ್ನ ತಕರಾರು ಬೆಳಿಗ್ಗೆ ಹಾಜರಿಯ ಹೊತ್ತಿಗೆ ನಾವು ತೆರೆಯುವ ಮಾತ್ರೆ ಡಬ್ಬಿಯ ಬಗ್ಗೆ. ಹೆಗಲು ನೋವು ಎಂದ ಕಾರ್ಮಿಕರಿಗೆ ನಾನು ಎಷ್ಟು ಸಲ ಒಂದೂ ಮಾತು ಕೇಳದೆ ನೋವಿನ ಮಾತ್ರೆ ಕೊಟ್ಟು ಕಳಿಸಿದ್ದೇನೆಂದರೆ ಲೆಕ್ಕವಿಲ್ಲ. ಅದರಲ್ಲೂ ಕರಿಮೆಣಸು ಕೊಯ್ಯುವಾಗ ಏಣಿಯಿಂದಲೋ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗ ಮರದಿಂದಲೋ ಬಿದ್ದವರ ವಿಷಯ ಬೇರೆಯೇ. ಎಡಪಕ್ಕೆಗೆ ಪೆಟ್ಟಾಗಿ ಅಲ್ಲಿ ಪಕ್ಕೆಲುಬಿನ ಒಳಗಿರುವ ಗುಲ್ಮ (ಸ್ಪ್ಲೀನ್) ಒಡೆದರೆ, ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆಣಕಿ, ನೋವು ಏಟೇ ಬೀಳದ ಎಡಹೆಗಲಿನ ತುದಿಯಲ್ಲಿ ಕಾಣಿಸಿಕೊಳ್ಳಬಹುದು. ಭ್ರೂಣದಲ್ಲಿ ವಪೆ ರೂಪುಗೊಳ್ಳತೊಡಗುವುದು ಕುತ್ತಿಗೆಯ ಮಟ್ಟದಲ್ಲಿ. ಅದು ಕೆಳಗಿಳಿದರೂ ಅದರ ನರ ಮಾತ್ರ ಕುತ್ತಿಗೆಯಿಂದಲೇ ಬರುತ್ತದೆ, ಹೆಗಲಿನ ಚರ್ಮಕ್ಕೂ ಅದೇ ಮಟ್ಟದ ನರ. ಅಂಥವರಿಗೆ ಮಾತ್ರೆ ಕೊಟ್ಟು ತೋಟದ ಕಾರ್ಮಿಕರ ಲೈನ್ ಮನೆಗೆ ಕಳಿಸಿದರೆ ಜೀವಕ್ಕೇ ಅಪಾಯ.

ಕಳೆದ ಕೊಯ್ಲಿನಲ್ಲಿ ಒಬ್ಬ ಏಣಿಯಿಂದ ಜಾರಿ ಬಿದ್ದ. ಸಂಜೆಗೆ ಎಡಹೆಗಲು ಹಿಡಿದುಕೊಂಡು ಬಂದ. ನಾನು ಡಬ್ಬಿ ತೆಗೆಯದೆ ಜೀಪು ತೆಗೆದೆ. ಸ್ಕ್ಯಾನ್ ಆಯಿತು, ರಾತ್ರಿಯಿಡೀ ನಿಗಾ ಆಯಿತು, ಗುಲ್ಮ ಸರಿಯಾಗಿಯೇ ಇತ್ತು, ಹೆಗಲೇ ಉಳುಕಿತ್ತು. ಎರಡು ದಿನದ ಕೂಲಿಯನ್ನೂ ಆಸ್ಪತ್ರೆಯ ಬಿಲ್ಲನ್ನೂ ನಾನೇ ಕೊಟ್ಟೆ. ಸಾಹುಕಾರರಿಗೆ ಮಂಡಿ ಕೆಟ್ಟ ಮೇಲೆ ಹೆದರಿಕೆ ಜಾಸ್ತಿಯಾಗಿದೆ ಎಂದು ಅವನು ಕಣದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.