ಪದಮಿತಿ ಮತ್ತು ಪೌಂಡಿನ ಲೆಕ್ಕ

ಸಣ್ಣಕಥೆ ಬರೆಯುವವರಿಗೆ ವಾರಪತ್ರಿಕೆಗಳಿವೆ. ಕಾದಂಬರಿ ಬರೆಯುವವರಿಗೆ ಧಾರಾವಾಹಿ ಇದೆ. ನೀಳ್ಗತೆ ಬರೆಯುವ ನಮ್ಮ ಪಾಡು ಮಾತ್ರ ಕೇಳಬೇಡಿ. ಒಬ್ಬರು ಉದ್ದ ಆಯ್ತು ಅನ್ನುತ್ತಾರೆ, ಇನ್ನೊಬ್ಬರು ಗಿಡ್ಡ ಆಯ್ತು ಅನ್ನುತ್ತಾರೆ. ಮಯೂರ, ತುಷಾರದಂಥ ಮಾಸಪತ್ರಿಕೆಗಳಲ್ಲಿ ಜಾಗ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ದೀಪಾವಳಿ ವಿಶೇಷಾಂಕವೇ ಗತಿ.

ಮೊದಲೆಲ್ಲ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಜೊತೆಗೆ ಸ್ಟ್ಯಾಂಪ್ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳಿಸಬೇಕಿತ್ತು. ವಾಪಸ್ ಬಂದ ಕಥೆಯ ಲಕೋಟೆ ಮೇಲೆ ನನ್ನದೇ ಅಕ್ಷರ, ನನ್ನದೇ ದುಡ್ಡಿನ ಸ್ಟ್ಯಾಂಪು. ತೆಳು ಕವರ್ ಬಂದರೆ ಸ್ವೀಕೃತ, ದಪ್ಪ ಬಂದರೆ ತಿರಸ್ಕೃತ ಅನ್ನುವುದು ನಮ್ಮ ಪೋಸ್ಟ್‌ಮ್ಯಾನ್‌ಗೂ ಗೊತ್ತಾಗಿಬಿಟ್ಟಿತ್ತು. "ಸಾರ್, ಈ ಸಲಾನೂ ದಪ್ಪವೇ" ಎಂದು ಗೇಟಿನಿಂದಲೇ ಕೂಗುತ್ತಿದ್ದ, ಇಡೀ ಬೀದಿಗೆ ಕೇಳುವ ಹಾಗೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಅಂಚೆಯಲ್ಲೇ ಕಳಿಸುವವರ ಕಥೆಗಳು ಇನ್ನು ಬೇಗ ಬೇಗ ವಾಪಸ್ ಬರಬಹುದು.

ಈಗ ಇಮೇಲ್ ಬಂದಿದೆ, ಸುಖ ಅಲ್ವಾ ಅನ್ನಬೇಡಿ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಆದರೆ ಪುಟ ಕಟ್ಟುವ ಹಳೇ ಸಾಫ್ಟ್‌ವೇರ್‌ಗೆ ಅದು ಒಗ್ಗುವುದಿಲ್ಲ. ಹಾಗಾಗಿ ಒಂದು ಪತ್ರಿಕೆಗೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶವೇ ಬೇಕು, ಇನ್ನೊಂದಕ್ಕೆ ನುಡಿ ಬೇಡವೇ ಬೇಡ. ನುಡಿಯ ಹಳೇ ಫಾಂಟು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಉಪಾಯ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ನ' ಇರುವ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತದೆ. ನನ್ನದೋ ಆತ್ಮಕಥೆಯ ಧಾಟಿಯ ನೀಳ್ಗತೆ. ಒಂದೊಂದು 'ನಾನು'ವಿಗೂ ಎರಡೆರಡು ಪೌಂಡು! ಉಪಸಂಪಾದಕರು ಫೋನ್ ಮಾಡಿ, "ಸಾರ್, ಯಾವುದೋ ಲಂಡನ್ ಬ್ಯಾಂಕಿನ ಲೆಕ್ಕ ಬಂದಿದೆ, ಕಥೆ ಕಳಿಸಿ" ಅಂದರು. ಆಮೇಲೆ ಬಂದ ಗೌರವಧನ ನೋಡಿದಾಗ, ಆ ಪೌಂಡುಗಳನ್ನೇ ಕೇಳಬಹುದಿತ್ತು ಅನ್ನಿಸಿತು. ನುಡಿಯನ್ನು ಯೂನಿಕೋಡ್ ಮಾಡುವ ಕನ್ವರ್ಟರ್‌ಗೆ ಹಾಕಿ ಮತ್ತೆ ಕಳಿಸಿದೆ. ಅರ್ಕಾವತ್ತುಗಳೆಲ್ಲ ಪಕ್ಕದ ಅಕ್ಷರದ ಮನೆಗೆ ನೆಂಟರಾಗಿ ಹೋಗಿದ್ದವು.

ಇಷ್ಟೆಲ್ಲ ಆದಮೇಲೆ ಪದಮಿತಿ. 2500 ಪದ ಮೀರಬಾರದಂತೆ. ನನ್ನದು ಹತ್ತಿರ ಹತ್ತಿರ ಅದರ ಎರಡರಷ್ಟು. ಕಡಿಯಲು ಕೂತರೆ ಎಲ್ಲ ವಾಕ್ಯವೂ ಮುದ್ದಾಗಿಯೇ ಕಾಣುತ್ತಿತ್ತು. ಆಗ ಮಗ ಸುಮ್ನೆ ಬಂದು ನೋಡಿ, "ಅಪ್ಪಾ, ಕಂಪ್ಯೂಟರ್ ಎಣಿಸೋದು ಸ್ಪೇಸ್ ನೋಡಿ. ಸ್ಪೇಸ್ ತೆಗೆದುಬಿಡು" ಅಂದ. ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಅವಕಾಶ ಇದೆ! 'ಬಂದುಹೋಗಿಬಿಟ್ಟಿದ್ದಾನೆಂದುಕೊಂಡಿದ್ದಳು' ಎಂದರೆ ಒಂದೇ ಪದ. ಕರ್ತೃವನ್ನೂ ಬಿಟ್ಟರೆ ಅದೇ ಇಡೀ ವಾಕ್ಯ. ಹೀಗೆ ಬೆಸೆಯುತ್ತಾ ಹೋದರೆ ಕಥೆ ಒಂದು ಸಾಲೂ ಕಳೆದುಕೊಳ್ಳದೆ ಪದಮಿತಿಯೊಳಗೆ ಬಂದು ಕೂತಿತು.

ಪತ್ರಿಕೆಯ ಕರಡು ತಿದ್ದುವವರು ಶಿಸ್ತಿನ ಮನುಷ್ಯ. ನಾನು ಬೆಸೆದದ್ದನ್ನೆಲ್ಲ ಬಿಡಿಸಿದರು. ಪುಟ ಉಕ್ಕಿತು. ಕೆಳಗೆ ಕುಕ್ಕರ್ ಜಾಹೀರಾತು ಆಗಲೇ ಕೂತಿತ್ತು, ಅದನ್ನು ಎಬ್ಬಿಸುವ ಹಾಗಿಲ್ಲ. ಹೋಗಿದ್ದು ನನ್ನ ಕೊನೆಯ ಭಾಗ. ನಾಯಕಿ ಬಾಗಿಲು ತೆಗೆದಳು, ಅಲ್ಲಿಗೆ ಕಥೆ ಮುಗಿಯಿತು. ಹೊರಗೆ ಯಾರಿದ್ದರು ಎಂದು ತಿಳಿಯಬೇಕಿದ್ದವರಿಗೆ ಐದು ಲೀಟರಿನ ಕುಕ್ಕರ್ ಕಾಣಿಸಿತು.

ಮುಂದಿನ ಸಂಚಿಕೆಯ ಓದುಗರ ಪತ್ರದಲ್ಲಿ ಒಬ್ಬರು 'ಅಂತ್ಯವನ್ನು ಓದುಗರಿಗೇ ಬಿಟ್ಟ ಧೈರ್ಯ ಮೆಚ್ಚಬೇಕು' ಎಂದು ಬರೆದಿದ್ದರು. ಪೂರ್ತಿ ಕಥೆ ಓದಿರುವುದು ಮನೆಯಲ್ಲಿ ನನ್ನ ಹೆಂಡತಿ ಒಬ್ಬಳೇ. ಅವಳಿಗೂ ಅಚ್ಚಾದದ್ದೇ ಇಷ್ಟವಂತೆ.